ಹಳ್ಳ ಕೊಳ್ಳಗಳಲ್ಲಿ ಟ್ರೀ ಫರ್ನ್ ಹುಡುಕೋದು: ಪದೇ ಪದೇ ಕೇಳೋ ಪ್ರಶ್ನೆಗಳು

ಮಲೆನಾಡು, ಕೊಡಗಿನ ಕಡೆ ಕಾಡು ಸುತ್ತೋರು ಮೆಸೇಜಲ್ಲಿ, ಪತ್ರದಲ್ಲಿ, ಎದುರು ಸಿಕ್ಕಾಗ ಫರ್ನ್ (ಜರೀಗಿಡ) ಬಗ್ಗೆ ಕೇಳೋ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ ಇರತ್ತೆ. ಅದಕ್ಕೇ ಎಲ್ಲಾ ಒಂದು ಕಡೆ ಹಾಕಿದೀನಿ. ಸುಲಭದ್ದು ಮೇಲಿದೆ, ಕೆಳಗೆ ಹೋಗ್ತಾ ಹೋಗ್ತಾ ಸ್ವಲ್ಪ ತಲೆ ತಿನ್ನೋ ಪ್ರಶ್ನೆಗಳು.

## ಹೊರಡೋ ಮುಂಚೆ

ಮರದ ತರ ಬೆಳೆಯೋ ಫರ್ನ್ ನಮ್ಮಲ್ಲೂ ಇದೆಯಾ? ಅದು ನ್ಯೂಜಿಲೆಂಡ್ ಗಿಡ ಅಲ್ವಾ?

ಇದೆ ಮಾರಾಯ್ರೆ. ನ್ಯೂಜಿಲೆಂಡ್‌ನೋರು ಜೆರ್ಸಿ ಮೇಲೆ ಹಾಕ್ಕೊಳೋ ಸಿಲ್ವರ್ ಫರ್ನ್ ಕೂಡ ಒಂದು ಟ್ರೀ ಫರ್ನೇ, ಅದು ಮತ್ತೆ ನಮ್ಮ ಪಶ್ಚಿಮ ಘಟ್ಟದ್ದು ಎರಡೂ ಸಯಾಥಿಯೇಸಿ ಅನ್ನೋ ಒಂದೇ ಕುಟುಂಬ. ನಮ್ಮಲ್ಲಿ ಮುಖ್ಯವಾಗಿ ಸಿಗೋದು ಆಲ್ಸೊಫಿಲಾ ಜೈಗಾಂಟಿಯಾ, ಹಳೇ ಪಟ್ಟಿಗಳಲ್ಲಿ ಸಯಾಥಿಯಾ ಜೈಗಾಂಟಿಯಾ ಅಂತ ಇರತ್ತೆ. ಅದ್ರ ಜೊತೆ ನೀಲ್ಗಿರೆನ್ಸಿಸ್ ಅನ್ನೋದು ದಕ್ಷಿಣ ಭಾರತದ್ದೇ ಸ್ವಂತ ಜಾತಿ. ನಮ್ಮೋವು ಎರಡಾಳು ಎತ್ತರ ಬಂದ್ರೆ ದೊಡ್ಡದು ಅಂತಾನೇ ಲೆಕ್ಕ, ಫೋಟೋದಲ್ಲಿ ನೋಡೋ ಹೊರದೇಶದ 10-15 ಮೀಟರ್ ಮರಗಳನ್ನ ನಿರೀಕ್ಷೆ ಮಾಡ್ಕೊಂಡು ಹೋಗಿ ಬೇಜಾರಾಗ್ಬೇಡಿ.

ದೂರದಿಂದ ಬಗನಿ ಮರ ಅನ್ಸತ್ತೆ, ಹತ್ರ ಹೋಗದೆ ಗೊತ್ತು ಮಾಡ್ಕೊಳೋದು ಹೇಗೆ?

ಹೊಸ ಎಲೆ ನೋಡಿ. ನೆತ್ತಿಯಲ್ಲಿ ಸುರುಳಿ ಸುತ್ಕೊಂಡು, ಕಂದು ಹುರುಪೆ ಮುಚ್ಕೊಂಡಿರೋ ಚಿಗುರು ಎದ್ದು ನಿಂತಿದ್ರೆ ಅದು ಟ್ರೀ ಫರ್ನ್. ಬಗನಿ, ಅಡಿಕೆ, ಈಚಲು ಯಾವ್ದರಲ್ಲೂ ಚಿಗುರು ಹಾಗೆ ಸುರುಳಿ ಬಿಚ್ಚಲ್ಲ, ನೆಟ್ಟಗೆ ಈಟಿಯಾಗಿ ಬರತ್ತೆ. ಇನ್ನೊಂದು, ಬಗನಿ ಗರಿಯ ತುದಿ ಹರಿದು ಮೊಂಡಾಗಿರತ್ತೆ, ಫರ್ನ್ ಗರಿ ಒಳಗೊಳಗೇ ಎರಡು ಮೂರು ಸಲ ಸೀಳಿ ಸಣ್ಣ ಆಗ್ತಾ ಹೋಗತ್ತೆ. ಹೂವಿನ ಗೊನೆ, ಕಾಯಿ ಏನಾದ್ರೂ ನೇತಾಡ್ತಿದ್ರೆ ಅಲ್ಲಿಗೆ ಕಥೆ ಮುಗೀತು, ಫರ್ನಿಗೆ ಹೂವೇ ಇಲ್ಲ.

ಎಲ್ಲಿ ಹೋದ್ರೆ ಗ್ಯಾರಂಟಿ ಸಿಗತ್ತೆ? ಸುತ್ತಿ ಬಳಸಿ ಹೇಳ್ಬೇಡಿ, ಜಾಗದ ಹೆಸರು ಹೇಳಿ

ಆಗುಂಬೆ ಸುತ್ತಮುತ್ತ, ಕುದುರೆಮುಖದ ಶೋಲಾ (ಹುಲ್ಲುಗುಡ್ಡಗಳ ನಡುವಿನ ಕಾಡು) ಮಡಿಕೆಗಳು, ಬಾಬಾಬುಡನ್ ಗಿರಿ - ಕೆಮ್ಮಣ್ಣುಗುಂಡಿ ಕಡೆಯ ಹಳ್ಳಗಳು, ಬಿಸ್ಲೆ ಘಾಟಿ, ಕೊಡಗಿನಲ್ಲಿ ಬ್ರಹ್ಮಗಿರಿ ಸಾಲು. ಆದ್ರೆ ಹೆಸರು ಇಟ್ಕೊಂಡು ಹೋದೋರಲ್ಲಿ ಅರ್ಧ ಜನ ವ್ಯೂ ಪಾಯಿಂಟ್ ನೋಡಿ ವಾಪಸ್ ಬರ್ತಾರೆ, ಯಾಕಂದ್ರೆ ಗಿಡ ಇರೋದು ಬೆಟ್ಟದ ನೆತ್ತಿಯಲ್ಲಿ ಅಲ್ಲ. ಮ್ಯಾಪಲ್ಲಿ ಸುಮಾರು 600ರಿಂದ 1500 ಮೀಟರ್ ಎತ್ತರದ ಒಳಗೆ, ಏಪ್ರಿಲಲ್ಲೂ ನೀರು ಬತ್ತದ ಹಳ್ಳ ಯಾವುದು ಅಂತ ಸ್ಥಳೀಯರನ್ನ ಕೇಳಿ. ಫರ್ನ್ ಎಲ್ಲಿದೆ ಅಂತ ಕೇಳಿದ್ರೆ ಯಾರಿಗೂ ಗೊತ್ತಿರಲ್ಲ, ಬೇಸಿಗೆಯಲ್ಲಿ ದನ ಎಲ್ಲಿ ನೀರು ಕುಡಿಯತ್ತೆ ಅಂತ ಕೇಳಿದ್ರೆ ಎಲ್ಲರಿಗೂ ಗೊತ್ತಿರತ್ತೆ. ಆ ಹಳ್ಳದ ತಲೆಕಟ್ಟು, ಅಂದ್ರೆ ನೀರು ಹುಟ್ಟೋ ಜಾಗದಿಂದ ಸ್ವಲ್ಪ ಕೆಳಗೆ, ಅಲ್ಲಿ ಹುಡುಕಿ.

ಕೊಳ್ಳದಲ್ಲೇ ಯಾಕೆ ಇರತ್ತೆ? ಮಳೆ ಎಲ್ಲಾ ಕಡೆ ಒಂದೇ ತಾನೇ ಬೀಳೋದು?

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ. ಮೇಲೆ ಮಳೆ ಬೀಳತ್ತೆ ನಿಜ, ಆದ್ರೆ ಅದ್ರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಹೋಗಿರತ್ತೆ. ಫರ್ನಿಗೆ ಲೆಕ್ಕಕ್ಕೆ ಬರೋದು ಫೆಬ್ರವರಿಯಿಂದ ಮೇ. ಆ ನಾಲ್ಕು ತಿಂಗಳು ನೆರಳು, ಗಾಳಿ ಹೊಡೀದಿರೋ ಜಾಗ, ನೆಲದಿಂದ ಜಿನುಗೋ ನೀರು, ಈ ಮೂರೂ ಒಟ್ಟಿಗೆ ಇರೋದು ಕೊಳ್ಳದಲ್ಲಿ ಮಾತ್ರ. ರಾತ್ರಿ ತಣ್ಣಗಿನ ಗಾಳಿ ಇಳಿಜಾರಿಂದ ಜಾರಿ ಬಂದು ಕೊಳ್ಳದಲ್ಲೇ ನಿಲ್ಲತ್ತೆ, ಬೆಳಗ್ಗೆ ಹತ್ತು ಗಂಟೆಯಾದ್ರೂ ಎಲೆ ಮೇಲೆ ಪಸೆ ಆರಿರಲ್ಲ.

ಬೆಂಕಿನೂ ಒಂದು ಕಾರಣ. ಕುದುರೆಮುಖದ ತರ ಹುಲ್ಲುಗಾವಲು ಇರೋ ಕಡೆ ಬೇಸಿಗೆಯಲ್ಲಿ ಬೆಂಕಿ ಬಿದ್ರೆ ಗುಡ್ಡದ ಹುಲ್ಲೆಲ್ಲಾ ಸುಟ್ಟು ಮಡಿಕೆ ಒಳಗಿನ ಒದ್ದೆ ಶೋಲಾ ಅಂಚಿಗೆ ಬಂದು ಆರಿಹೋಗತ್ತೆ.

ಮೂರನೇದು ಸಂತಾನದ ವಿಷಯ. ಫರ್ನ್ ಹುಟ್ಟೋಕೆ ಮಣ್ಣಿನ ಮೇಲೆ ನೀರಿನ ಪದರ ಬೇಕೇ ಬೇಕು, ಅದನ್ನ ಕೆಳಗೆ ಬೇರೆ ಪ್ರಶ್ನೆಯಲ್ಲಿ ಬರ್ದಿದೀನಿ.

ಯಾವ ತಿಂಗಳು ಹೋಗೋದು ಒಳ್ಳೇದು?

ಟ್ರೀ ಫರ್ನ್ ವರ್ಷಪೂರ್ತಿ ಹಸಿರು, ಯಾವಾಗ ಬೇಕಾದ್ರೂ ಸಿಗತ್ತೆ. ಉಳಿದ ಫರ್ನ್‌ಗಳೂ ನೋಡ್ಬೇಕು ಅಂದ್ರೆ ಸೆಪ್ಟೆಂಬರ್ ಕೊನೆಯಿಂದ ಡಿಸೆಂಬರ್ ಮೊದಲ ವಾರ. ಮಳೆ ನಿಂತಿರತ್ತೆ, ದರೆ ಮೇಲಿನ ಸಣ್ಣ ಸಣ್ಣ ಫರ್ನ್ ಇನ್ನೂ ಒಣಗಿರಲ್ಲ, ಎಲೆ ಹಿಂದೆ ಸ್ಪೋರ್, ಅಂದ್ರೆ ಬೀಜದ ಬದಲು ಫರ್ನ್ ಉದುರಿಸೋ ಧೂಳಿನಂಥ ಕಣ, ಬಲಿತಿರತ್ತೆ. ಜುಲೈಯಲ್ಲಿ ಅತೀ ಚೆಂದ, ಒಪ್ತೀನಿ, ಆದ್ರೆ ಜುಲೈಯಲ್ಲಿ ಕೊಳ್ಳಕ್ಕೆ ಇಳಿಯೋದು ಬೇಡ. ಮೇಲೆ ಎಲ್ಲೋ ಮಳೆ ಬಿದ್ರೆ ನಿಮ್ಮ ತಲೆ ಮೇಲೆ ಬಿಸಿಲಿದ್ದಾಗಲೇ ಹಳ್ಳ ಏರತ್ತೆ. ಮೊಣಕಾಲುದ್ದ ನೀರು ಸೊಂಟಕ್ಕೆ ಬರೋಕೆ ಹೆಚ್ಚು ಹೊತ್ತು ಬೇಕಾಗಲ್ಲ.

ಫಾರೆಸ್ಟ್ ಪರ್ಮಿಷನ್ ಬೇಕಾ? ನಾವು ಬರೀ ಗಿಡ ನೋಡೋದು ಸರ್, ಬೇಟೆ ಏನೂ ಆಡಲ್ಲ

ಬೇಕು. ರಾಷ್ಟ್ರೀಯ ಉದ್ಯಾನ, ವನ್ಯಧಾಮದ ಒಳಗೆ ಅನುಮತಿ ಇಲ್ದೆ ಹೋಗೋಹಾಗಿಲ್ಲ, ಮೀಸಲು ಅರಣ್ಯಕ್ಕೂ 1963ರ ಕರ್ನಾಟಕ ಅರಣ್ಯ ಕಾಯ್ದೆ ಅನ್ವಯ ಆಗತ್ತೆ. ಚಾರಣದ ದಾರಿಗಳಿಗೆ ಅರಣ್ಯ ಇಲಾಖೆಯ ಅರಣ್ಯ ವಿಹಾರ ಅನ್ನೋ ಆನ್‌ಲೈನ್ ಬುಕಿಂಗ್ ಇದೆ, ಆದ್ರೆ ಅದು ಆ ದಾರಿಗೆ ಮಾತ್ರ, ದಾರಿ ಬಿಟ್ಟು ಹಳ್ಳಕ್ಕೆ ಇಳಿಯೋಕೆ ಅಲ್ಲ. ನಿಜ ಹೇಳ್ಬೇಕು ಅಂದ್ರೆ ಶುರು ಮಾಡೋರಿಗೆ ಕಾಡಿನ ಒಳಗೆ ಹೋಗೋ ಅವಶ್ಯಕತೆನೇ ಇಲ್ಲ. ಘಾಟಿ ರಸ್ತೆಯ ಮೋರಿ ಪಕ್ಕ ನಿಂತ್ಕೊಂಡು ಮೇಲೂ ಕೆಳಗೂ ನೋಡಿದ್ರೆ ಹತ್ತು ಹದಿನೈದು ಜಾತಿ ಕಾಣತ್ತೆ. ಪರಿಚಯದೋರ ಕಾಫಿ, ಏಲಕ್ಕಿ ತೋಟದ ಹಳ್ಳ ಇದ್ರೆ ಇನ್ನೂ ಸಲೀಸು.

ಇಂಬಳ, ಹಾವು, ಉಣ್ಣೆ... ಭಯ ಆಗತ್ತೆ, ಏನು ಮಾಡ್ಬೇಕು?

ಇಂಬಳಕ್ಕೆ ಭಯ ಪಡೋದು ವೇಸ್ಟ್, ಅದು ಕಿರಿಕಿರಿ ಅಷ್ಟೇ, ಲೀಚ್ ಸಾಕ್ಸ್ ಹಾಕ್ಕೊಳಿ. ಹಾವಿನ ವಿಷಯ ಬೇರೆ: ಮಲಬಾರ್ ಗುಳಿಮಂಡಲ ಹಳ್ಳದ ಪಕ್ಕ ಫರ್ನ್ ಪೊದೆ, ತಗ್ಗಿನ ಕೊಂಬೆ ಮೇಲೇ ಅಲ್ಲಾಡದೆ ಕೂತಿರತ್ತೆ, ಹಸಿರು ಕಂದು ಎರಡೂ ಬಣ್ಣದಲ್ಲಿ ಬರತ್ತೆ, ಹಾಗಾಗಿ ಎಲೆ ತಿರುಗಿಸೋಕೆ ಕೈ ಹಾಕೋ ಮುಂಚೆ ಕಣ್ಣು ಹಾಕಿ, ಕೋಲಲ್ಲಿ ಸರಿಸಿ.

ಎಲ್ಲರೂ ಮರೆಯೋದು ಉಣ್ಣೆ ಹುಳ. ಅದು ಕಚ್ಚಿ ಹರಡೋ ಮಂಗನ ಕಾಯಿಲೆ, ಅಂದ್ರೆ ಕೆಎಫ್‌ಡಿ, ಮೊದಲು ಪತ್ತೆಯಾಗಿದ್ದೇ 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ, ಈಗ್ಲೂ ಡಿಸೆಂಬರಿಂದ ಮೇವರೆಗೆ ಮಲೆನಾಡಲ್ಲಿ ಕೇಸ್ ಬರತ್ತೆ. ಆ ತಿಂಗಳುಗಳಲ್ಲಿ ಮಂಗ ಸತ್ತ ಸುದ್ದಿ ಇರೋ ಕಡೆ ಹೋಗ್ಲೇಬೇಡಿ, ಬೇರೆ ಕಡೆ ಹೋದ್ರೂ ಉಣ್ಣೆ ಹತ್ತದ ಹಾಗೆ ಆರೋಗ್ಯ ಇಲಾಖೆಯೋರು ಕೊಡೋ ಡೆಪಾ ಎಣ್ಣೆ ಹಚ್ಕೊಳಿ, ತರಗೆಲೆ ಮೇಲೆ ಕೂರಬೇಡಿ, ಮನೆಗೆ ಬಂದ ತಕ್ಷಣ ಬಟ್ಟೆ ಬಿಸಿನೀರಿಗೆ ಹಾಕಿ ಸ್ನಾನ ಮಾಡಿ. ಕಾಡಿಂದ ಬಂದ ಕೆಲವು ದಿನಕ್ಕೆ ಜೋರು ಜ್ವರ ಬಂದ್ರೆ ಡಾಕ್ಟರಿಗೆ ಕಾಡಿಗೆ ಹೋಗಿದ್ದು ಮೊದಲು ಹೇಳಿ.

## ಹಳ್ಳದ ಪಕ್ಕ ನಿಂತ ಮೇಲೆ

ಹಳ್ಳಕ್ಕೆ ಇಳಿದೆ, ಎಲ್ಲಾ ಒಂದೇ ತರ ಹಸಿರು. ಎಲ್ಲಿಂದ ಶುರು ಮಾಡ್ಲಿ?

ನೀರಿಂದ ಶುರು ಮಾಡಿ ಮೇಲಕ್ಕೆ ಹೋಗಿ, ನೀರಿಂದ ಎಷ್ಟು ದೂರ ಅನ್ನೋದರ ಮೇಲೆ ಗಿಡ ಬದಲಾಗ್ತಾ ಹೋಗತ್ತೆ.

ನೀರು ಚಿಮ್ಮೋ ಬಂಡೆ ಮೇಲೆ ಕಡು ಹಸಿರು ಎಲೆಯ ಬೊಲ್ಬಿಟಿಸ್ ಅನ್ನೋ ಫರ್ನ್ ಹಾಸಿರತ್ತೆ. ಮಧ್ಯದಲ್ಲಿ ಅಲ್ಲಲ್ಲಿ ಸಣಕಲು, ಕಂದು, ನೆಟ್ಟಗೆ ನಿಂತ ಬೇರೆ ನಮೂನೆ ಎಲೆ ಕಾಣತ್ತೆ, ಅದು ಬೇರೆ ಗಿಡ ಅಲ್ಲ, ಅದೇ ಗಿಡದ ಸ್ಪೋರ್ ಹೊರೋ ಎಲೆ. ಅದೇ ಬಂಡೆಯ ಕೆಳಗೆ, ಬೆಳಕೇ ಬೀಳದ ಕಡೆ ಪಾಚಿ ಅಂತ ಬಿಟ್ಟುಬಿಡೋ ಒಂದು ಹಾಸು ಇರತ್ತೆ ನೋಡಿ, ಒಂದು ಎಲೆ ಮೆಲ್ಲಗೆ ಬೆರಳ ತುದಿಯಲ್ಲಿ ಎತ್ತಿ ಬೆಳಕಿಗೆ ಹಿಡೀರಿ: ಬೆಳಕು ಆರಪಾರ ಬರತ್ತೆ, ಮಧ್ಯೆ ಕಪ್ಪು ನರ ಗೆರೆ ಹಾಕ್ದಂಗೆ ಕಾಣತ್ತೆ. ಅದು ಫಿಲ್ಮಿ ಫರ್ನ್. ಎಲೆಯ ದಪ್ಪ ಒಂದೇ ಒಂದು ಜೀವಕೋಶ, ಉಸಿರಾಡೋ ರಂಧ್ರನೂ ಇಲ್ಲ, ಗಾಳಿ ಸ್ವಲ್ಪ ಒಣಗಿದ್ರೂ ಮುದುರಿಕೊಳತ್ತೆ. ಒಂದು ಕೊಳ್ಳ ಎಷ್ಟು ವರ್ಷದಿಂದ ಕೆಡದೆ ಉಳಿದಿದೆ ಅಂತ ತಿಳ್ಕೊಳೋಕೆ ನಾನು ಟ್ರೀ ಫರ್ನ್‌ಗಿಂತ ಇದನ್ನೇ ಹೆಚ್ಚು ನಂಬ್ತೀನಿ.

ನೀರಿಂದ ಎರಡು ಮೂರು ಹೆಜ್ಜೆ ಮೇಲೆ, ಕಪ್ಪು ಜೌಗು ಮಣ್ಣಲ್ಲಿ ಟ್ರೀ ಫರ್ನ್, ಜೊತೆಗೆ ನೆಲದಿಂದಲೇ ದೊಡ್ಡ ಎಲೆ ಬಿಡೋ ಆಂಜಿಯಾಪ್ಟೆರಿಸ್ ಅನ್ನೋ ಇನ್ನೊಂದು ಫರ್ನ್. ಇನ್ನೂ ಮೇಲೆ ತರಗೆಲೆ ಮಧ್ಯೆ ಟೆಕ್ಟೇರಿಯಾ, ಟೆರಿಸ್ ಅನ್ನೋ ಫರ್ನ್‌ಗಳು. ಆಮೇಲೆ ತಲೆ ಎತ್ತಿ ಕೊಂಬೆ ನೋಡಿ, ಹಕ್ಕಿಗೂಡು ಫರ್ನ್ ಅಲ್ಲಿರತ್ತೆ.

ಟ್ರೀ ಫರ್ನ್ ದಟ್ಟ ಕಾಡಿಗಿಂತ ರಸ್ತೆ ಮೋರಿ ಹತ್ರ ಜಾಸ್ತಿ ಕಾಣ್ಸಿತು, ಯಾಕೆ ಹಾಗೆ?

ಸರಿಯಾಗೇ ನೋಡಿದೀರಿ. ಜೈಗಾಂಟಿಯಾಕ್ಕೆ ಕಾಲಿಗೆ ನೀರು ಬೇಕು, ತಲೆಗೆ ಬೆಳಕೂ ಬೇಕು. ಪೂರ್ತಿ ಕತ್ತಲೆ ಕಾಡಲ್ಲಿ ಅದು ಬದುಕಿದ್ರೂ ನಿಧಾನ. ಮರ ಬಿದ್ದ ಗ್ಯಾಪು, ಗುಡ್ಡ ಜರಿದ ಜಾಗ, ರಸ್ತೆಗೆ ಕಡಿದ ದರೆಯಲ್ಲಿ ನೀರು ಜಿನುಗೋ ಕಡೆ ಚೆನ್ನಾಗಿ ಏಳತ್ತೆ, ಬರಿ ಮಣ್ಣು ಸಿಕ್ಕಿದ್ರೆ ಸ್ಪೋರ್ ಮೊಳೆಯೋಕೂ ಸುಲಭ. ಹಾಗಂತ ರಸ್ತೆ ಮಾಡಿದ್ರೆ ಫರ್ನಿಗೆ ಒಳ್ಳೇದು ಅಂತ ವಾದ ಮಾಡ್ಬೇಡಿ, ಮುಂದಿನ ಅಗಲೀಕರಣದಲ್ಲಿ ಮೊದಲು ಹೋಗೋದೂ ಅವೇ.

ದರೆ ಮೇಲೆ ಸಿಗೋ ಸಾಮಾನ್ಯ ಫರ್ನ್‌ಗಳು ಯಾವ್ಯಾವು?

ಚಿಗುರು ಕೆಂಪಗೆ, ಎಲೆ ಉದ್ದ ಪಟ್ಟಿ ಪಟ್ಟಿಯಾಗಿ ಇದ್ರೆ ಬ್ಲೆಕ್ನಮ್ ಓರಿಯೆಂಟಾಲೆ. ಕವಲು ಮೇಲೆ ಕವಲು ಒಡೆದು ಇಡೀ ದರೆ ಮುಚ್ಚಿ ಕಾಲು ಇಡೋಕೂ ಜಾಗ ಕೊಡದ್ದು ಡಿಕ್ರನಾಪ್ಟೆರಿಸ್. ಮುರಕಲ್ಲಿನ ಮೇಲೆ ಮಳೆಗಾಲದಲ್ಲಿ ಅರ್ಧಚಂದ್ರದ ಎಲೆ, ತಂತಿಯಂಥ ಕಪ್ಪು ತೊಟ್ಟು ಇರೋದು ಅಡಿಯಾಂಟಮ್, ಅದ್ರಲ್ಲಿ ಎಲೆಯ ತುದಿ ನೆಲಕ್ಕೆ ತಾಗಿದ ಕಡೆ ಹೊಸ ಗಿಡ ಏಳೋದು ಫಿಲಿಪೆನ್ಸ್. ಬೇಲಿ ಮೇಲೆ ಬಳ್ಳಿಯಾಗಿ ಹಬ್ಬಿರೋದು ಲೈಗೋಡಿಯಮ್. ಅದ್ರಲ್ಲಿ ಮಜಾ ಏನಂದ್ರೆ ನೀವು ಬಳ್ಳಿ ಅಂತ ಅನ್ಕೊಂಡಿರೋದು ಅಷ್ಟುದ್ದ ಬೆಳೀತಾನೇ ಇರೋ ಒಂದೇ ಒಂದು ಎಲೆ, ನಿಜವಾದ ಕಾಂಡ ಮಣ್ಣೊಳಗಿದೆ. ಹಳೇ ಗೋಡೆ, ಸೇತುವೆ ಗಾರೆಯ ಸಂದಿಯಲ್ಲಿ ಟೆರಿಸ್ ವಿಟಾಟಾ, ಮಣ್ಣಿನ ಆರ್ಸೆನಿಕ್ ಹೀರಿ ಎಲೆಯಲ್ಲಿ ತುಂಬ್ಕೊಳತ್ತೆ ಅಂತ 2001ರಲ್ಲಿ ಗೊತ್ತಾದ ಮೇಲೆ ಪ್ರಪಂಚಪೂರ್ತಿ ಫೇಮಸ್ ಆದ ಗಿಡ ಅದು.

ಚಿಕ್ಕವರಿದ್ದಾಗ ಕೈ ಮೇಲೆ ಒತ್ತಿ ಬಿಳಿ ಅಚ್ಚು ಹಾಕ್ತಿದ್ವಲ್ಲ, ಅದು ನಮ್ಮ ಕಾಡಿನದ್ದೇನಾ?

ಅದು ಪಿಟಿರೊಗ್ರಾಮಾ ಕ್ಯಾಲೊಮೆಲಾನೋಸ್, ಮೂಲ ಉಷ್ಣವಲಯದ ಅಮೆರಿಕ, ಇಲ್ಲಿಗೆ ಬಂದು ತೋಟದ ದರೆಗಳಲ್ಲಿ ಸೆಟ್ಲ್ ಆಗಿಬಿಟ್ಟಿದೆ. ಎಲೆ ಹಿಂದಿನ ಬಿಳಿ ಪುಡಿ ಗಿಡವೇ ಸ್ರವಿಸೋ ಮೇಣದಂಥ ವಸ್ತು, ಸ್ಪೋರ್ ಅಲ್ಲ. ಬಿಳಿ ಹಿಂಬದಿ ಇರೋ ನಮ್ಮದೇ ಫರ್ನ್ ಬೇಕು ಅಂದ್ರೆ ಕಲ್ಲು ಸಂದಿಯಲ್ಲಿ ಅಲ್ಯುರಿಟಾಪ್ಟೆರಿಸ್ ಹುಡುಕಿ.

ಎಲೆ ಹಿಂದೆ ಸಾಲಾಗಿ ಕಂದು ಚುಕ್ಕೆ ಬಂದಿದೆ, ರೋಗನಾ? ಔಷಧಿ ಹೊಡೀಬೇಕಾ?

ಹೊಡೀಬೇಡಿ! ಅದು ಸೋರಸ್, ಸ್ಪೋರ್ ಚೀಲಗಳ ಗುಂಪು. ರೋಗದ ಚುಕ್ಕೆ ಹೆಂಗೆಂಗೋ ಬಿದ್ದಿರತ್ತೆ, ಸೋರಸ್ ಪ್ರತಿ ಎಲೆಯಲ್ಲೂ ನರದ ಲೆಕ್ಕಕ್ಕೆ ಸರಿಯಾಗಿ ಕೂತಿರತ್ತೆ. ಹತ್ತು ಪಟ್ಟು ದೊಡ್ಡದಾಗಿ ತೋರ್ಸೋ ಲೆನ್ಸ್ ಒಂದು ಇಟ್ಕೊಳಿ, ಬಲಿತ ಎಲೆ ತುಂಡನ್ನ ಬಿಸಿಲಿಗೆ ಹಿಡಿದು ನೋಡ್ತಾ ಇರಿ. ಒಂದೊಂದು ಚೀಲದ ಬೆನ್ನಿಗೂ ದಪ್ಪ ಕೋಶಗಳ ಪಟ್ಟಿ ಇರತ್ತೆ, ಒಣಗ್ತಾ ಒಣಗ್ತಾ ಅದು ನಿಧಾನಕ್ಕೆ ಹಿಂದಕ್ಕೆ ಬಾಗತ್ತೆ, ಚೀಲ ಬಾಯಿ ಬಿಡತ್ತೆ, ಆಮೇಲೆ ಒಂದೇ ಏಟಿಗೆ ಕವಣೆ ಬೀಸಿದಂಗೆ ಮುಂದಕ್ಕೆ ಬಂದು ಸ್ಪೋರ್ ಎಸೆಯತ್ತೆ. ಲೆನ್ಸಲ್ಲಿ ಅಲ್ಲೊಂದು ಇಲ್ಲೊಂದು ಪಟಪಟ ಹಾರೋದು ಕಾಣತ್ತೆ, ಮಕ್ಕಳಿಗೆ ಒಂದ್ಸಲ ತೋರಿಸಿದ್ರೆ ಮತ್ತೆ ಲೆನ್ಸ್ ವಾಪಸ್ ಸಿಗಲ್ಲ.

ಮರದ ಮೇಲೆ ಒಣಗಿ ಸತ್ತಿದ್ದ ಫರ್ನ್ ಮಳೆ ಬಿದ್ದ ವಾರಕ್ಕೆ ಹಸಿರಾಗಿದೆ, ಅದು ಹೊಸದಾ ಹಳೇದಾ?

ಎರಡೂ ಇರಬಹುದು. ಪಿರ್ರೋಸಿಯಾ ತರದವು ಬೇಸಿಗೆಯಲ್ಲಿ ಎಲೆ ಮಡಚಿ ಮುದುರ್ಕೊಂಡು ಕಾದು, ನೀರು ಬಿದ್ದ ಮೇಲೆ ಅದೇ ಎಲೆ ಬಿಚ್ಚತ್ತೆ. ಡ್ರೈನೇರಿಯಾದಲ್ಲಿ ಕಥೆ ಬೇರೆ, ಹಸಿರೆಲೆ ಉದುರಿಸಿ ಹೊಸದು ಬಿಡತ್ತೆ, ಆದ್ರೆ ಬುಡದಲ್ಲಿ ಅಂಟ್ಕೊಂಡಿರೋ ಕಂದು ರಟ್ಟಿನಂಥ ಎಲೆ ಇದೆಯಲ್ಲ ಅದು ಮಾತ್ರ ಉಳಿಯತ್ತೆ. ಅದನ್ನ ಒಣಗಿದ ಕಸ ಅಂತ ಕಿತ್ತು ಹಾಕ್ಬೇಡಿ, ಮೇಲಿಂದ ಉದುರೋ ತರಗೆಲೆ ಹಿಡಿದು ಗೊಬ್ಬರ ಮಾಡ್ಕೊಳೋ ಬುಟ್ಟಿ ಅದು.

ಕೊಡಗಿನ ತೆರ್ಮೆ ಸೊಪ್ಪು ಯಾವ ಫರ್ನ್? ನಾನೇ ಕಿತ್ತು ಪಲ್ಯ ಮಾಡಬಹುದಾ?

ಡಿಪ್ಲೇಜಿಯಮ್ ಎಸ್ಕ್ಯುಲೆಂಟಮ್, ಮಳೆಗಾಲದ ಶುರುವಲ್ಲಿ ಹಳ್ಳದ ಅಂಚಿನ ಮರಳು ಜೌಗಲ್ಲಿ ಗುಂಪು ಗುಂಪಾಗಿ ಏಳೋ ಸುರುಳಿ ಚಿಗುರು. ಮನೆಯಲ್ಲಿ ತಿಂದು ಬೆಳೆದೋರು ಯಾರಾದ್ರೂ ಜೊತೆಗಿದ್ದು ತೋರಿಸದ ಹೊರತು ಕೀಳಬೇಡಿ, ಫೋಟೋ ನೋಡಿ ಅಂತೂ ಬೇಡವೇ ಬೇಡ. ಸುರುಳಿ ಚಿಗುರು ಹೆಚ್ಚುಕಮ್ಮಿ ಎಲ್ಲಾ ಫರ್ನಿಗೂ ಇರತ್ತೆ. ಗುಡ್ಡದ ಬಯಲಲ್ಲಿ, ಹುಲ್ಲು ಮಧ್ಯೆ ಒಂಟೊಂಟಿಯಾಗಿ ಏಳೋ ಬ್ರಾಕನ್ ಫರ್ನಲ್ಲಿ ಟಾಕ್ವಿಲೊಸೈಡ್ ಅನ್ನೋ ಕ್ಯಾನ್ಸರ್‌ಕಾರಕ ಇದೆ, ಅದನ್ನ ಹೆಚ್ಚು ಮೇಯ್ದ ದನ ರಕ್ತ ಮೂತ್ರ ಮಾಡೋದು ಪಶುವೈದ್ಯರಿಗೆಲ್ಲಾ ಗೊತ್ತಿರೋ ವಿಷಯ. ತೆರ್ಮೆನೂ ಹಸಿ ತಿನ್ನೋದಲ್ಲ, ಚೆನ್ನಾಗಿ ಬೇಯಬೇಕು.

## ಗುರುತು ಹಿಡಿಯೋ ವಿಷಯ

ಟ್ರೀ ಫರ್ನ್ ಅಂತ ಗೊತ್ತಾಯ್ತು. ಯಾವ ಜಾತಿ ಅಂತ ಹೇಗೆ ಹೇಳೋದು?

ಎತ್ತರ, ದಪ್ಪ ಎಲ್ಲಾ ಮರೆತುಬಿಡಿ. ಎರಡೇ ಜಾಗ ನೋಡಿ, ಎಲೆತೊಟ್ಟಿನ ಬುಡ ಮತ್ತೆ ಸೋರಸ್.

ತೊಟ್ಟು ಹೊಳೆಯೋ ಕಪ್ಪು ಬಣ್ಣ, ಬೆರಳು ಆಡಿಸಿದ್ರೆ ಸಣ್ಣ ಗಂಟು ಗಂಟು ತಾಗತ್ತೆ ಆದ್ರೆ ಚುಚ್ಚಲ್ಲ, ಎಲೆ ಹಿಂದೆ ಸೋರಸ್ ತಲೆಕೆಳಗಾದ ವಿ ಆಕಾರದಲ್ಲಿ ಸಾಲು, ಮೇಲೆ ಮುಚ್ಚಳ ಇಲ್ಲ: ಇದು ಜೈಗಾಂಟಿಯಾ, ಕರ್ನಾಟಕದಲ್ಲಿ ನಿಮಗೆ ಸಿಗೋದು ಹೆಚ್ಚಾಗಿ ಇದೇ. ತೊಟ್ಟಲ್ಲಿ ಮುಳ್ಳು ಇದ್ದು, ಕಿರುಎಲೆ ಆಳವಾಗಿ ಸೀಳಿದ್ದು, ಸೋರಸ್ ಬುಡದಲ್ಲಿ ಚಿಕ್ಕ ಹುರುಪೆ ಇದ್ರೆ ನೀಲ್ಗಿರೆನ್ಸಿಸ್ ಕಡೆಗೆ ಯೋಚನೆ ಮಾಡಿ. ಸೋರಸ್ ಪೂರ್ತಿ ತೆಳು ಪೊರೆಯ ಗೋಳದೊಳಗೆ ಮುಚ್ಕೊಂಡಿದ್ದು ಮುಳ್ಳು ಚೂಪಾಗಿದ್ರೆ ಅದು ಸ್ಪೈನುಲೋಸಾ ಅನ್ನೋ ಜಾತಿಯ ಲಕ್ಷಣ. ಮೈತುಂಬಾ ಒರಟು ಕಂದು ಹುರುಪೆ ಹೊದ್ಕೊಂಡ ಕ್ರಿನಿಟಾ ಅನ್ನೋದು ನೀಲಗಿರಿ, ಪಳನಿಯಂಥ ಎತ್ತರದ ಶೋಲಾಗಳದ್ದು, ಶ್ರೀಲಂಕಾದಲ್ಲೂ ಇದೆ. ಪೊರೆ ಇದೆಯೋ ಇಲ್ವೋ ನೋಡೋಕೆ ಎಳೇ ಸೋರಸ್ ಬೇಕು, ಬಲಿತ ಮೇಲೆ ಪೊರೆ ಹರಿದು ಉದುರಿ ಎಲ್ಲಾ ಒಂದೇ ತರ ಕಾಣತ್ತೆ.

ಎಲೆ ನನಗಿಂತ ಉದ್ದ ಇದೆ ಆದ್ರೆ ಕಾಂಡ ಇಲ್ಲ, ನೆಲದಿಂದಲೇ ಎದ್ದಿದೆ. ಟ್ರೀ ಫರ್ನ್ ಮರಿನಾ?

ಅಲ್ಲ, ಬಹುತೇಕ ಆಂಜಿಯಾಪ್ಟೆರಿಸ್. ತೊಟ್ಟಿನ ಬುಡದಲ್ಲಿ ಎರಡು ಕಡೆ ಗಟ್ಟಿ ತಿರುಳಿನ ಕಿವಿಗಳಿರತ್ತೆ, ಕಿರುಎಲೆ ನುಣುಪಾಗಿ, ಸೀಳಿಲ್ದೆ ಇರತ್ತೆ, ಸೋರಸ್ ಅಂಚಿನ ಹತ್ರ ಸಾಲಾಗಿ ಕೂತಿರತ್ತೆ. ಟ್ರೀ ಫರ್ನ್‌ಗೂ ಇದಕ್ಕೂ ಸಂಬಂಧ ತುಂಬಾ ದೂರ. ಕಲ್ಲಿದ್ದಲು ಕಾಲದ ಸರೋನಿಯಸ್ ಅನ್ನೋ ಮರಗಳಿದ್ವಲ್ಲ, ಅವು ಇದರ ಪಂಗಡ. ನೀರು ಬತ್ತದ, ಗಾಳಿ ಆಡದ ಕೊಳ್ಳ ಇದ್ರೆ ಮಾತ್ರ ಇರತ್ತೆ.

ಡೈನೋಸಾರ್ ಕಾಲದ ಗಿಡ ಅಂತಾರಲ್ಲ, ನಿಜನಾ?

ಕುಟುಂಬ ಹಳೇದು, ಟ್ರೀ ಫರ್ನ್ ಪಳೆಯುಳಿಕೆ ಜುರಾಸಿಕ್‌ನಿಂದ ಸಿಗತ್ತೆ. ಆದ್ರೆ ಇವತ್ತು ನೀವು ಮುಟ್ಟಿದ ಜಾತಿಯನ್ನೇ ಡೈನೋಸಾರ್ ಮೇಯ್ತಿತ್ತು ಅನ್ನೋದು ಬರೀ ಟೂರಿಸ್ಟ್ ಮಾತು. ಪ್ರಪಂಚದಲ್ಲಿ ಈಗಿರೋ ಸುಮಾರು 10,500 ಫರ್ನ್ ಜಾತಿಗಳಲ್ಲಿ ಬಹುಪಾಲು ಹೂ ಬಿಡೋ ಮರಗಳ ಕಾಡು ಬಂದ ಮೇಲೆ, ಆ ನೆರಳಲ್ಲಿ ಕವಲೊಡೆದವು.

ವಯಸ್ಸು ಹೇಗೆ ಲೆಕ್ಕ ಹಾಕೋದು? ಒಬ್ರು 200 ವರ್ಷ ಅಂದ್ರು

ಉಂಗುರ ಎಣಿಸೋಕೆ ಆಗಲ್ಲ, ಯಾಕಂದ್ರೆ ಮರಕ್ಕೆ ಇರೋ ಹಾಗೆ ದಪ್ಪ ಆಗೋ ಪದರ ಇದಕ್ಕಿಲ್ಲ, ಕಟ್ಟಿಗೆ ಇಲ್ಲ, ತೊಗಟೆನೂ ಇಲ್ಲ. ಬುಡ ದಪ್ಪ ಕಾಣೋದು ಕಾಂಡದ ಸುತ್ತ ಮೇಲಿಂದ ಇಳಿದು ಹೆಣ್ಕೊಂಡ ಕಪ್ಪು ಬೇರುಗಳಿಂದ. ಮೇಲ್ಭಾಗದಲ್ಲಿ ಬಿದ್ದ ಎಲೆಗಳ ಗುರುತು ಅಂಡಾಕಾರದಲ್ಲಿ ಉಳಿದಿರತ್ತೆ, ಒಂದೇ ಗಿಡವನ್ನ ಎರಡು ಮೂರು ವರ್ಷ ನೋಡಿ ವರ್ಷಕ್ಕೆ ಎಷ್ಟು ಎಲೆ ಬಿಡತ್ತೆ ಅಂತ ತಿಳಿದ್ರೆ ಆ ಗುರುತುಗಳನ್ನ ಎಣಿಸಿ ಅಂದಾಜು ಮಾಡಬಹುದು. ಕೆಳಗಿನ ಗುರುತು ಬೇರೊಳಗೆ ಮುಚ್ಚಿಹೋಗಿರೋದ್ರಿಂದ ಅದೂ ಪಕ್ಕಾ ಅಲ್ಲ. 200 ಅಂದೋರು ಹೇಗೆ ಎಣಿಸಿದ್ರು ಅಂತ ಅವರನ್ನೇ ಕೇಳಿ.

ಫೋಟೋ ಕಳಿಸ್ತೀನಿ, ಯಾರೂ ಹೆಸರು ಹೇಳಲ್ಲ. ಏನು ತಪ್ಪಾಗ್ತಿದೆ?

ಎಲ್ಲರೂ ಮೇಲಿಂದ ಎಲೆ ತೆಗೀತಾರೆ, ಹೆಸರು ಇರೋದು ಎಲೆ ಕೆಳಗೆ. ಇಡೀ ಗಿಡ ಒಂದು, ತೊಟ್ಟಿನ ಬುಡದ ಹುರುಪೆ ಹತ್ರದಿಂದ ಒಂದು, ಎಲೆ ಹಿಂಬದಿ ಪೂರ್ತಿ ಒಂದು, ಸೋರಸ್ ಕ್ಲೋಸಪ್ ಒಂದು, ಗಾತ್ರ ತಿಳಿಯೋಕೆ ನಾಣ್ಯನೋ ಪೆನ್ನೋ ಪಕ್ಕಕ್ಕೆ. ಜೊತೆಗೆ ಎತ್ತರ, ಬಂಡೆ ಮೇಲಾ ಮಣ್ಣಲ್ಲಾ ಮರದ ಮೇಲಾ ಅಂತ ಒಂದು ಸಾಲು ಬರೀರಿ. ಇನ್ನು ಹೂಗುಚ್ಛಕ್ಕೆ ಹಾಕೋ ಆಸ್ಪರಾಗಸ್ ಫರ್ನ್ ಫೋಟೋ ದಯವಿಟ್ಟು ಬೇಡ, ಅದು ಫರ್ನೇ ಅಲ್ಲ, ಹೂ ಬಿಟ್ಟು ಹಣ್ಣಾಗೋ ಗಿಡ. ಸೆಲಾಜಿನೆಲ್ಲಾ ಕೂಡ ಫರ್ನ್ ಅಲ್ಲ, ಆದ್ರೆ ಅದೇ ಹಳ್ಳದಲ್ಲಿ ಸಿಗೋದ್ರಿಂದ ಗೊಂದಲ ಆಗೋದು ಸಹಜ.

## ಇನ್ನೂ ಆಳಕ್ಕೆ ಹೋಗೋರಿಗೆ

ದೊಡ್ಡ ಗಿಡ ಇದೆ, ಸುತ್ತ ಒಂದೂ ಮರಿ ಇಲ್ಲ. ಹುಟ್ಟೋದು ಎಲ್ಲಿ?

ಮರಿ ಇರತ್ತೆ, ನೀವು ಹುಡುಕ್ತಿರೋ ಆಕಾರದಲ್ಲಿ ಇರಲ್ಲ ಅಷ್ಟೇ. ಸ್ಪೋರ್ ಬಿದ್ದು ಮೊಳೆತಾಗ ಫರ್ನ್ ಬರಲ್ಲ, ಕಿರುಬೆರಳ ಉಗುರಿಗಿಂತ ಚಿಕ್ಕದಾದ, ಹೃದಯದ ಆಕಾರದ, ನೆಲಕ್ಕೆ ಅಂಟಿದ ಹಸಿರು ಹಾಳೆ ಬರತ್ತೆ, ಪ್ರೋಥಾಲಸ್ ಅಂತ ಹೆಸರು. ಅದ್ರ ಅಡಿಯಲ್ಲಿ ಗಂಡು ಹೆಣ್ಣು ಅಂಗ ಎರಡೂ ಇರತ್ತೆ, ಗಂಡು ಕೋಶಕ್ಕೆ ಬಾಲಗಳಿವೆ, ಅದು ನೀರಲ್ಲಿ ಈಜಿಕೊಂಡೇ ಹೆಣ್ಣು ಕೋಶಕ್ಕೆ ಹೋಗ್ಬೇಕು. ಆಮೇಲೆ ಆ ಹಾಳೆ ಮೇಲಿಂದ ನಮಗೆ ಗೊತ್ತಿರೋ ಫರ್ನ್ ಏಳತ್ತೆ.

ನೋಡ್ಬೇಕು ಅಂದ್ರೆ ಅಕ್ಟೋಬರಲ್ಲಿ ಹಳ್ಳದ ಪಕ್ಕ ಹೊಸದಾಗಿ ಜರಿದ ಮಣ್ಣಿನ ದರೆ ಹುಡುಕಿ, ತರಗೆಲೆ ನಿಲ್ಲದ ನೆಟ್ಟಗಿನ ಗೋಡೆ ಇರ್ಬೇಕು. ಮೂಗು ತಾಗೋಷ್ಟು ಹತ್ರ ಹೋಗಿ ಟಾರ್ಚ್ ಓರೆಯಾಗಿ ಹಿಡಿದ್ರೆ ಆ ಸಣ್ಣ ಹಸಿರು ಹಾಳೆಗಳು ಮಿಂಚತ್ತೆ, ಕೆಲವದ್ರ ನಡುವಿನ ತಗ್ಗಿಂದ ಒಂದೇ ಒಂದು ಪುಟ್ಟ ಎಲೆ ಎದ್ದಿರತ್ತೆ. ಅದು ಯಾವ ಜಾತಿ ಆಗತ್ತೆ ಅಂತ ಆಗ ಹೇಳೋದು ಕಷ್ಟ.

ನಮ್ಮ ತೋಟಕ್ಕೆ ಕಾಡಿಂದ ಒಂದು ಮರಿ ತಂದ್ರೆ ಏನು ಮಹಾ?

ಮೊದಲು ಕಾನೂನು: ರಾಷ್ಟ್ರೀಯ ಉದ್ಯಾನ, ಅಭಯಾರಣ್ಯದಿಂದ ಗಿಡ ಕೀಳೋದು 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ, ಸಯಾಥಿಯಾ ಜಾತಿಗಳು ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಿಸೋ ಸೈಟಿಸ್ ಒಪ್ಪಂದದ ಎರಡನೇ ಅನುಬಂಧದಲ್ಲಿವೆ, 2022ರ ತಿದ್ದುಪಡಿಯಲ್ಲಿ ಸೈಟಿಸ್ ಗಿಡಗಳು ನಮ್ಮ ಕಾಯ್ದೆಯ ನಾಲ್ಕನೇ ಪರಿಚ್ಛೇದಕ್ಕೂ ಬಂದ್ವು. ಎರಡನೇದು, ತಂದ್ರೂ ಉಳಿಯಲ್ಲ. ಬೆಳೆಯೋ ತುದಿ ಒಂದೇ, ನೆತ್ತಿಯಲ್ಲಿ, ಸಾಗಿಸೋವಾಗ ಅದಕ್ಕೆ ಏಟು ಬಿದ್ರೆ ಗಿಡ ಮುಗೀತು, ಪಕ್ಕದಿಂದ ಚಿಗುರಲ್ಲ. ಆರ್ಕಿಡ್ ನೆಡೋಕೆ ಚೆನ್ನಾಗಿರತ್ತೆ ಅಂತ ಟ್ರೀ ಫರ್ನ್ ಕಾಂಡ ಕಡಿದು ತುಂಡು ಮಾಡಿ ಮಾರೋದೂ ಇದೇ ಪಾಪಕ್ಕೆ ಸೇರಿದ್ದು, ತೆಂಗಿನ ಸಿಪ್ಪೆ ಇರೋ ನಾಡಲ್ಲಿ ಅದ್ಯಾಕೆ ಬೇಕೋ.

ನರ್ಸರಿಯಲ್ಲಿ ಸಿಗೋದು ಎಷ್ಟೋ ಸಲ ಆಸ್ಟ್ರೇಲಿಯಾದ ಕೂಪೆರಿ ಅನ್ನೋ ಟ್ರೀ ಫರ್ನ್. ಹವಾಯಿಯಲ್ಲಿ ಅದು ತೋಟದಿಂದ ತಪ್ಪಿಸ್ಕೊಂಡು ಕಾಡಿಗೆ ನುಗ್ಗಿ ದೊಡ್ಡ ತಲೆನೋವಾಗಿದೆ. ಬೆಂಗಳೂರಿನ ಕುಂಡದಲ್ಲಿ ಇಟ್ಕೊಳಿ, ಕಾಡಂಚಿನ ತೋಟದಲ್ಲಿ ನೆಡೋದು ಬೇಡ.

ಹಾಗಾದ್ರೆ ಸ್ಪೋರಿಂದ ಬೆಳೆಸೋಕೆ ಆಗತ್ತಾ?

ಆಗತ್ತೆ, ತಾಳ್ಮೆ ಇದ್ರೆ. ನಿಮ್ಮದೇ ಜಾಗದಲ್ಲಿರೋ ಗಿಡದಿಂದ ಸೋರಸ್ ಕಂದು ಆದ ಒಂದು ಕಿರುಎಲೆ ತುಂಡು ತಗೊಂಡು ಬಿಳಿ ಪೇಪರ್ ಮಡಿಕೆಯಲ್ಲಿ ಎರಡು ದಿನ ಇಟ್ರೆ ಕಾಫಿಪುಡಿ ಬಣ್ಣದ ಧೂಳು ಉದುರಿರತ್ತೆ. ಪೇಪರ್ ಓರೆ ಮಾಡಿ ತಟ್ಟಿದ್ರೆ ಚೀಲದ ಸಿಪ್ಪೆ ಬೇಗ ಜಾರತ್ತೆ, ಸ್ಪೋರ್ ಪೇಪರಿಗೆ ಹಿಡ್ಕೊಂಡಿರತ್ತೆ. ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಮೇಲೆ ಕುದಿಯೋ ನೀರು ಹುಯ್ದು, ಆರಿದ ಮೇಲೆ ತೆಳ್ಳಗೆ ಉದುರಿಸಿ ಮುಚ್ಚಳ ಇರೋ ಪಾರದರ್ಶಕ ಡಬ್ಬಿಯಲ್ಲಿ ನೆರಳಲ್ಲಿಡಿ. ಮುಚ್ಚಳ ತೆಗೆದು ತೆಗೆದು ನೋಡೋರಿಗೆ ಪಾಚಿ, ಬೂಷ್ಟು ಬಿಟ್ರೆ ಏನೂ ಬೆಳೆಯಲ್ಲ. ಪ್ರೋಥಾಲಸ್ ಬಂದ ಮೇಲೆ ಆಗಾಗ ಕಾಯಿಸಿ ಆರಿಸಿದ ನೀರು ಸಿಂಪಡಿಸ್ಬೇಕು, ಇಲ್ದಿದ್ರೆ ಕೂಡಿಕೆ ಆಗದೆ ಹಾಳೆ ಹಾಳೆಯಾಗೇ ಉಳಿಯತ್ತೆ. ಒಸ್ಮುಂಡಾ ಅನ್ನೋ ಫರ್ನ್ ತರ ಹಸಿರು ಸ್ಪೋರ್ ಇರೋವನ್ನ ಮಾತ್ರ ಕೂಡ್ಲೇ ಬಿತ್ತಬೇಕು, ಅದ್ರ ಆಯಸ್ಸು ತುಂಬಾ ಕಮ್ಮಿ.

ಅಜ್ಜನ ಕಾಲದಲ್ಲಿ ನಮ್ಮ ಹಳ್ಳದ ತುಂಬಾ ಇತ್ತಂತೆ, ಈಗ ಎರಡು ಉಳಿದಿದೆ. ಯಾರೂ ಕಡಿದಿಲ್ಲ. ಏನಾಯ್ತು?

ಕಡೀಬೇಕು ಅಂತಿಲ್ಲ. ಹಳ್ಳದ ತಲೆಯಲ್ಲಿ ಪೈಪ್ ಹಾಕಿ ತೋಟಕ್ಕೆ ನೀರು ಇಳಿಸಿದ್ರೆ, ಮೇಲಿನ ಮರದ ನೆರಳು ತೆಗೆದ್ರೆ, ಮೇಲ್ಗಡೆ ರಸ್ತೆ ಮಣ್ಣು ಬಂದು ಹಳ್ಳ ಹೂತ್ರೆ, ದೊಡ್ಡ ಗಿಡ ಕೆಲವು ವರ್ಷ ಹಾಗೇ ಎಳೆಯತ್ತೆ ಆದ್ರೆ ಪ್ರೋಥಾಲಸ್ ಆ ಬೇಸಿಗೆಗೇ ಒಣಗಿ ಹೋಗತ್ತೆ. ಹಾಗಾಗಿ ಹಳ್ಳ ನೋಡೋರಿಗೆ ಹತ್ತಾರು ವರ್ಷ ಏನೂ ಆಗಿಲ್ಲ ಅನ್ಸತ್ತೆ, ಮುದಿ ಗಿಡಗಳು ಒಂದೊಂದೇ ಬಿದ್ದಾಗ ಜಾಗ ತುಂಬೋಕೆ ಯಾರೂ ಇರಲ್ಲ. ದೊಡ್ಡ ಗಿಡ ಎಷ್ಟಿದೆ ಅನ್ನೋದಕ್ಕಿಂತ ಮೊಣಕಾಲೆತ್ತರದ ಮರಿ ಎಷ್ಟಿದೆ ಅಂತ ಎಣಿಸಿ. ಪೈಪಿನ ಬಾಯಿ ಸ್ವಲ್ಪ ಕೆಳಗೆ ಸರಿಸಿ ತಲೆಕಟ್ಟಿನ ಜಿನುಗು ಹಾಗೇ ಬಿಡೋಕೆ ಆಗತ್ತಾ ನೋಡಿ, ಎರಡು ದಂಡೆಯ ಪೊದೆ ಸವರೋದು ನಿಲ್ಸಿ.

ನಮ್ಮೂರ ಹಳ್ಳದ ಫರ್ನ್ ಪಟ್ಟಿ ಮಾಡ್ಬೇಕು ಅಂತಿದೀನಿ, ಹೇಗೆ ಮಾಡೋದು? ಲೊಕೇಶನ್ ಹಾಕ್ಲಾ?

ಇಡೀ ಹಳ್ಳ ಬೇಡ, ಐವತ್ತು ಮೀಟರ್ ಸಾಕು, ಆದ್ರೆ ಅದೇ ಐವತ್ತು ಮೀಟರಿಗೆ ಅಕ್ಟೋಬರಲ್ಲಿ ಒಂದ್ಸಲ, ಏಪ್ರಿಲಲ್ಲಿ ಒಂದ್ಸಲ ಪ್ರತಿ ವರ್ಷ ಹೋಗಿ, ಏಪ್ರಿಲಲ್ಲಿ ಮಂಗನ ಕಾಯಿಲೆ ಸುದ್ದಿ ಇಲ್ದಿದ್ರೆ ಮಾತ್ರ. ಟ್ರೀ ಫರ್ನ್ ಒಂದೊಂದಕ್ಕೂ ನಂಬರ್ ಕೊಟ್ಟು ನೋಟ್‌ಬುಕ್ಕಲ್ಲಿ ನಕ್ಷೆ ಬಿಡಿಸ್ಕೊಳಿ, ಕಾಂಡಕ್ಕೆ ಮೊಳೆ ಹೊಡೆದು ಟ್ಯಾಗ್ ಹಾಕ್ಬೇಡಿ. ಎಲೆ ಎಷ್ಟಿದೆ, ಹೊಸ ಸುರುಳಿ ಎಷ್ಟು, ಮರಿ ಎಷ್ಟು, ಹಳ್ಳದಲ್ಲಿ ನೀರು ಎಲ್ಲಿವರೆಗೆ ಹರೀತಿದೆ, ಇಷ್ಟು ಬರೀರಿ. ಗಿಡ, ಪ್ರಾಣಿ ಕಂಡಿದ್ದನ್ನ ದಾಖಲಿಸೋ ಐನ್ಯಾಚುರಲಿಸ್ಟ್ ವೆಬ್‌ಸೈಟಿಗೆ ಹಾಕೋದಾದ್ರೆ ಸಾಮಾನ್ಯ ಜಾತಿಗೆ ಲೊಕೇಶನ್ ಪರವಾಗಿಲ್ಲ, ಟ್ರೀ ಫರ್ನ್ ಮತ್ತೆ ಆಂಜಿಯಾಪ್ಟೆರಿಸ್‌ಗೆ ಜಾಗ ಅಸ್ಪಷ್ಟ ಮಾಡೋ ಆಯ್ಕೆ ಒತ್ತಿ ಹಾಕಿ. ತಾಲೂಕು, ಎತ್ತರ ಬರೆದ್ರೆ ಅಧ್ಯಯನ ಮಾಡೋರಿಗೆ ಅಷ್ಟು ಸಾಕು, ಹಳ್ಳದ ಹೆಸರು ನಿಮ್ಮ ನೋಟ್‌ಬುಕ್ಕಲ್ಲೇ ಇರ್ಲಿ.